ಮುಂದಿನ ಗಾಜಿಗೆ ಕಲ್ಲು ಬಿದ್ದಾಗ ನಾನು ಮಾಡಿದ್ದು

ನಮ್ಮ ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಅಗಲದ ಪಾರದರ್ಶಕ ಟೇಪಿನ ಒಂದು ಸುರುಳಿ ಯಾವಾಗಲೂ ಇರುತ್ತದೆ. ಆರ್‌ಸಿ, ಇನ್ಶೂರೆನ್ಸ್ ಕಾಗದದಷ್ಟೇ ಅದೂ ಮುಖ್ಯ ಅನ್ನುವುದು ನನ್ನ ಲೆಕ್ಕ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಹಿಂದಿನ ಕಾರಿನ ಮುಂದಿನ ಗಾಜಿಗೆ ಒಂದು ಸಣ್ಣ ಕಲ್ಲು ಬಡಿದಿತ್ತು. ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಳಿ, ಅಷ್ಟೆ. ಏನಾಗುತ್ತೆ ಬಿಡು ಅಂತ ಎರಡು ತಿಂಗಳು ಹಾಗೇ ಓಡಿಸಿದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಕಾರಿಗೆ ಪೈಪಿನಿಂದ ತಣ್ಣೀರು ಬಿಟ್ಟೆ. ಕಣ್ಣೆದುರೇ ಆ ಗುಳಿಯಿಂದ ಒಂದು ಗೆರೆ ಹೊರಟು ಗಾಜಿನ ಅರ್ಧದವರೆಗೆ ಹೋಯಿತು. ಗ್ಲಾಸ್ ಅಂಗಡಿಯವರು ನೋಡಿ, "ಇನ್ನು ಇದಕ್ಕೇನೂ ಮಾಡೋಕಾಗಲ್ಲ ಸಾರ್, ಪೂರ್ತಿ ಗ್ಲಾಸೇ ಹಾಕಿಸಬೇಕು" ಅಂದರು. ಇನ್ಶೂರೆನ್ಸ್ ಇತ್ತು. ಗಾಜಿನ ಭಾಗಕ್ಕೆ ಇನ್ಶೂರೆನ್ಸ್‌ನವರು ಸವಕಳಿ, ಅಂದರೆ ಹಳೆಯದಾಯಿತು ಅಂತ ಬೆಲೆ, ಕಳೆಯುವುದಿಲ್ಲ, ಅದು ಒಳ್ಳೆಯದೇ. ಆದರೆ ಕ್ಲೇಮ್ ಮಾಡಿದ್ದರಿಂದ ಐದು ವರ್ಷ ಕಾಪಾಡಿಕೊಂಡು ಬಂದಿದ್ದ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಯಿತು. ಸಾಸಿವೆಯಷ್ಟಿದ್ದ ಗುಳಿಗೆ!

ಗುಳಿ ಸಣ್ಣದಿರುವಾಗಲೇ ಅಂಟು ತುಂಬಿ ರಿಪೇರಿ ಮಾಡುವುದನ್ನು ಕಲಿಯಬೇಕು ಅಂತ ಆವತ್ತೇ ಅನ್ನಿಸಿತು. ಗ್ಲಾಸ್ ಅಂಗಡಿಯ ಹಿಂದೆ ಬಿಸಾಕಿದ್ದ ಹಳೇ ಮುಂದಿನ ಗಾಜೊಂದನ್ನು ಕೇಳಿ ತಂದೆ. ಆರೇಳು ನೂರು ರೂಪಾಯಿಗೆ ರಿಪೇರಿ ಕಿಟ್ ತರಿಸಿದೆ. ಅದರಲ್ಲಿ ಇರುವುದು ಇಷ್ಟೇ: ಗಾಜಿಗೆ ಅಂಟಿಕೊಳ್ಳುವ ನಾಲ್ಕು ರಬ್ಬರ್ ಕಪ್ಪಿನ ಒಂದು ಸ್ಟ್ಯಾಂಡ್, ಅದರ ನಡುವೆ ತಿರುಪಿನ ಹಾಗೆ ತಿರುಗುವ ಒಂದು ಕೊಳವೆ, ಪುಟ್ಟ ಬಾಟಲಿಯಲ್ಲಿ ರೆಸಿನ್, ತೆಳು ಪ್ಲಾಸ್ಟಿಕ್ ತುಂಡುಗಳು, ಒಂದು ಬ್ಲೇಡ್. ರೆಸಿನ್ ಅಂದರೆ ನೀರಿನ ಹಾಗೆ ಹರಿಯುವ ಅಂಟು. ಬಿಸಿಲಿನಲ್ಲಿರುವ ಅಲ್ಟ್ರಾವಯೊಲೆಟ್ ಬೆಳಕು ತಾಗಿದರೆ ಗಟ್ಟಿಯಾಗುತ್ತದೆ.

ಹಳೇ ಗಾಜಿಗೆ ಮೊಳೆ, ಸುತ್ತಿಗೆಯಿಂದ ನಾನೇ ಗುಳಿ ಮಾಡಿಕೊಂಡು ಅಭ್ಯಾಸ ಮಾಡಿದೆ. ಮೊದಲನೇ ಸಲ ಮಹಡಿ ಮೇಲೆ ಬಿಸಿಲಲ್ಲಿ ಕೂತು ಮಾಡಿದೆ. ರೆಸಿನ್ ಬಿರುಕಿನೊಳಗೆ ಇಳಿಯುವ ಮೊದಲೇ ಕೊಳವೆಯ ಬಾಯಲ್ಲಿ ಗಟ್ಟಿಯಾಗಿ ಕೂತಿತು. ಎರಡನೇ ಸಲ ಕೊಳವೆ ಗುಳಿಯ ನೇರಕ್ಕೆ ಇರಲಿಲ್ಲ, ರೆಸಿನ್ ಎಲ್ಲಾ ಗಾಜಿನ ಮೇಲೆ ಹರಿದು ಹೋಯಿತು. ಮೂರನೇ ಸಲ ತುಂಬಿತು, ಆದರೆ ಒಳಗೆ ಗಾಳಿಗುಳ್ಳೆ ಉಳಿಯಿತು. ಏಳೆಂಟು ಸಲ ಮಾಡಿದ ಮೇಲೆ ಗೊತ್ತಾಯಿತು, ಅಂಟು ತುಂಬುವುದು ಸುಲಭ. ಒಳಗಿರುವ ಗಾಳಿ, ತೇವ ಹೊರಗೆ ತೆಗೆಯುವುದೇ ಕಷ್ಟ. ನಿಜವಾದ ಕೆಲಸ ಇರುವುದೂ ಅಲ್ಲೇ.

ಈಗಿನ ಕಾರಿಗೆ ಕಲ್ಲು ಬಿದ್ದದ್ದು ಅರಸೀಕೆರೆ ದಾಟಿ ಕಡೂರಿನ ಕಡೆ ಹೋಗುವಾಗ. ಹೆಂಡತಿಯ ತವರು ತರೀಕೆರೆ, ನವೆಂಬರ್, ಅಡಿಕೆ ಕೊಯ್ಲಿನ ಸಮಯ. ಮುಂದೆ ಒಂದು ಜಲ್ಲಿ ಟಿಪ್ಪರ್ ಇತ್ತು. ಮೇಲೆ ಟಾರ್ಪಲ್ ಸರಿಯಾಗಿಯೇ ಕಟ್ಟಿದ್ದರು. ಆದರೆ ಟಿಪ್ಪರಿನ ಹಿಂದಿನ ಜೋಡಿ ಟೈರುಗಳ ನಡುವೆಯೂ ಟೈರಿನ ಗೀರುಗಳಲ್ಲೂ ಕಲ್ಲು ಸಿಕ್ಕಿಕೊಂಡಿರುತ್ತವೆ. ಗಾಡಿ ವೇಗ ಹಿಡಿದಾಗ ಅವು ಕವಣೆಕಲ್ಲಿನ ಹಾಗೆ ಹಾರುತ್ತವೆ. ನಾನೂ ಓವರ್‌ಟೇಕ್ ಮಾಡಲು ಹತ್ತಿರ ಹೋಗಿದ್ದೆ. ಟಕ್ ಅಂತು.

ರಸ್ತೆ ಪಕ್ಕ ನಿಲ್ಲಿಸಿ ನೋಡಿದೆ. ಎಡಗಡೆ, ಹೆಂಡತಿ ಕೂತಿದ್ದ ಕಡೆ, ಕೊತ್ತಂಬರಿ ಬೀಜದಷ್ಟು ಗುಳಿ. ಅದರಿಂದ ಮೂರು ಎಳೆ ಬಿರುಕು, ನಕ್ಷತ್ರದ ಹಾಗೆ. ಒಂದು ರೂಪಾಯಿ ನಾಣ್ಯ ಇಟ್ಟು ನೋಡಿದೆ, ಪೂರ್ತಿ ಅದರಡಿ ಮುಚ್ಚಿಹೋಯಿತು. ಒಳಗಿನಿಂದ ಉಗುರು ಆಡಿಸಿದೆ, ನುಣುಪಾಗಿತ್ತು. ಸಮಾಧಾನವಾಯಿತು. ಮುಂದಿನ ಗಾಜು ಒಂದೇ ಹಲಗೆ ಅಲ್ಲ. ಎರಡು ಗಾಜಿನ ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪದ ಪ್ಲಾಸ್ಟಿಕ್ ಪದರ ಇರುತ್ತದೆ. ಗಾಜಿನ ಮೂಲೆಯಲ್ಲಿ ಐಎಸ್ 2553 ಅಂತ ಸುರಕ್ಷತಾ ಗಾಜಿನ ಭಾರತೀಯ ಮಾನದಂಡದ ಗುರುತಿನ ಜೊತೆ ಲ್ಯಾಮಿನೇಟೆಡ್ ಅಂತಲೂ ಇರುತ್ತದೆ, ನೋಡಿ. ಹೊರಗಿನ ಗಾಜಿಗೆ ಮಾತ್ರ ಪೆಟ್ಟಾಗಿದ್ದರೆ ರಿಪೇರಿ ಆಗುತ್ತದೆ. ಪಕ್ಕದ ಕಿಟಕಿ ಗಾಜು ಬೇರೆ ಜಾತಿ. ಅದು ಒಡೆದರೆ ಕಲ್ಲುಸಕ್ಕರೆಯ ಹಾಗೆ ಪುಡಿಪುಡಿ, ಅದಕ್ಕೆ ರಿಪೇರಿ ಅನ್ನುವುದೇ ಇಲ್ಲ.

ಒಣ ಬಟ್ಟೆಯಿಂದ ಸುತ್ತ ಒರೆಸಿ, ಗುಳಿಯ ಮೇಲೆ ತಕ್ಷಣ ಟೇಪ್ ಅಂಟಿಸಿದೆ. ಬಿರುಕಿನೊಳಗೆ ಧೂಳು, ನೀರು, ಸೋಪು ಹೋಗಬಾರದು. ಹೋದರೆ ರೆಸಿನ್ ಹಿಡಿಯುವುದಿಲ್ಲ. ಗಾಜಿನ ಬಿರುಕು ತೇವ ಇದ್ದಾಗ ಬೇಗ ಬೆಳೆಯುತ್ತದೆ ಕೂಡ. ಎಸಿ ಆಫ್ ಮಾಡಿದೆ, ಹಳ್ಳ ಬಂದಾಗ ನಿಧಾನ ಮಾಡಿದೆ, ವೈಪರ್ ಮುಟ್ಟಲಿಲ್ಲ. ಬೀರೂರು ದಾಟಿ ತರೀಕೆರೆ ತಲುಪುವವರೆಗೆ ಮೂರು ಎಳೆ ಮೂರಾಗಿಯೇ ಉಳಿದವು.

ಕಿಟ್ ಡಿಕ್ಕಿಯಲ್ಲೇ ಇತ್ತು. ಮಾರನೇ ದಿನ ಬೆಳಿಗ್ಗೆ ಮಾಡೋಣ ಅಂದರೆ ಗಾಜಿನ ಮೇಲೆಲ್ಲಾ ಇಬ್ಬನಿ. ಹತ್ತೂವರೆವರೆಗೆ ಕಾದೆ. ಮರದ ನೆರಳು ಇದಕ್ಕೆ ಆಗುವುದಿಲ್ಲ, ಎಲೆಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಹಾಗಾಗಿ ಕಾರನ್ನು ಅಡಿಕೆ ಬೇಯಿಸುವ ಶೆಡ್ಡಿನ ಪಕ್ಕದ ತಗಡಿನ ಚಾವಡಿಗೆ ತಂದೆ. ಟೇಪ್ ತೆಗೆದು, ಗುಳಿಯೊಳಗಿನ ಸಡಿಲ ಗಾಜಿನ ಪುಡಿಯನ್ನು ಸೂಜಿಯಿಂದ ಮೆಲ್ಲಗೆ ಎತ್ತಿದೆ. ಕೆದಕಬಾರದು, ಎತ್ತಬೇಕು. ಆಮೇಲೆ ಹೇರ್ ಡ್ರೈಯರನ್ನು ಸಣ್ಣ ಬಿಸಿಗೆ ಇಟ್ಟು, ಒಂದು ಅಡಿ ದೂರದಿಂದ ಎರಡು ನಿಮಿಷ ಹಿಡಿದೆ. ತೇವ ಹೋಗಲಿ ಅಂತ. ಗಾಜು ಮತ್ತೆ ಕೈಗೆ ತಣ್ಣಗೆ ಸಿಗುವವರೆಗೆ ಬಿಟ್ಟೆ. ಬಿಸಿ ಗಾಜಿಗೆ ಒತ್ತಡ ಕೊಟ್ಟರೆ ಬಿರುಕು ಓಡುತ್ತದೆ.

ಸ್ಟ್ಯಾಂಡ್ ಕೂರಿಸಿ, ಕೊಳವೆಯ ರಬ್ಬರ್ ಬಾಯಿ ಗುಳಿಯ ಸುತ್ತ ಸರಿಯಾಗಿ ಕೂತಿದೆಯಾ ಅಂತ ಕಾರಿನ ಒಳಗಿನಿಂದ ನೋಡಬೇಕು. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಭಾಮೈದನನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿದೆ. ನಾಲ್ಕು ಹನಿ ರೆಸಿನ್ ಹಾಕಿ, ಮೇಲಿನ ತಿರುಪನ್ನು ನಿಧಾನಕ್ಕೆ ಬಿಗಿಸಿದೆ. ಐದು ನಿಮಿಷ ಬಿಟ್ಟು ಹಿಂದಕ್ಕೆ ತಿರುಗಿಸಿದೆ. ಹಾಗೆ ಮಾಡಿದಾಗ ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತದೆ. ಮತ್ತೆ ಬಿಗಿ, ಮತ್ತೆ ಸಡಿಲ.

ಗಾಳಿ ಇರುವ ಬಿರುಕು ಟಾರ್ಚ್ ಬೆಳಕಿಗೆ ಬೆಳ್ಳಿ ಎಳೆಯ ಹಾಗೆ ಹೊಳೆಯುತ್ತದೆ. ರೆಸಿನ್ ಬೆಳಕನ್ನು ಹೆಚ್ಚು ಕಡಿಮೆ ಗಾಜಿನಷ್ಟೇ ಬಗ್ಗಿಸುತ್ತದೆ. ಹಾಗಾಗಿ ಅದು ತುಂಬಿದ ಕಡೆ ಆ ಹೊಳಪು ಮಾಯವಾಗುತ್ತದೆ. ಎರಡನೇ ಸಲ ಬಿಗಿಸಿದಾಗ ಒಳಗಿನಿಂದ ಭಾಮೈದ ಕೂಗಿದ, "ಭಾವ, ಮೇಲಿನ ಎಳೆ ಹೋಯ್ತು!" ನಾನೂ ಬಗ್ಗಿ ನೋಡಿದೆ. ಗುಳಿಯ ಬುಡದಿಂದ ತುದಿಯ ಕಡೆಗೆ, ಒದ್ದೆ ನೆಲದ ಮೇಲೆ ನೀರು ಹಬ್ಬುವ ಹಾಗೆ, ಹೊಳಪು ಒಂದೊಂದೇ ಕೂದಲೆಳೆಯಷ್ಟು ಹಿಂದೆ ಸರಿಯುತ್ತಿತ್ತು. ಎರಡನೇ ಎಳೆಯೂ ಹೋಯಿತು. ಮೂರನೆಯದು ಅರ್ಧಕ್ಕೆ ನಿಂತಿತು. ಆ ಜಾಗದಲ್ಲಿ ಒಳಗಿನಿಂದ ಹೆಬ್ಬೆರಳಲ್ಲಿ ತೀರಾ ಹಗುರವಾಗಿ ಒತ್ತಲು ಹೇಳಿದೆ. ಒತ್ತಿದರೆ ಬಿರುಕು ಕೂದಲಿನಷ್ಟು ಬಾಯಿ ಬಿಟ್ಟು ರೆಸಿನ್ ಎಳೆದುಕೊಳ್ಳುತ್ತದೆ. ಜಾಸ್ತಿ ಒತ್ತಿದರೆ ಕೆಲಸ ಕೆಟ್ಟಿತು. ಇನ್ನೂ ಇಪ್ಪತ್ತು ನಿಮಿಷ ಹಿಡಿಯಿತು. ಇಲ್ಲಿ ಅವಸರ ಮಾಡಬೇಡಿ. ನನಗೆ ಒಟ್ಟು ಮುಕ್ಕಾಲು ಗಂಟೆ ಬೇಕಾಯಿತು, ಅದರಲ್ಲಿ ಹೆಚ್ಚಿನ ಹೊತ್ತು ಸುಮ್ನೆ ಕಾಯುವುದೇ.

ಸ್ಟ್ಯಾಂಡ್ ತೆಗೆದು, ಗುಳಿಯ ಮೇಲೆ ಇನ್ನೊಂದು ಹನಿ ಬಿಟ್ಟು, ಗಾಳಿ ಸಿಗದ ಹಾಗೆ ಪ್ಲಾಸ್ಟಿಕ್ ತುಂಡು ಮುಚ್ಚಿದೆ. ಕಾರನ್ನು ನ್ಯೂಟ್ರಲ್‌ಗೆ ಹಾಕಿ ಇಬ್ಬರೂ ಅಂಗಳಕ್ಕೆ ತಳ್ಳಿದೆವು. ಅಡಿಕೆ ಹರವಿದ್ದ ಅಂಗಳದಲ್ಲಿ ಬಿಸಿಲಿಗೇನು ಕಡಿಮೆ? ಗಾಜಿನ ಮುಖ ಸೂರ್ಯನ ಕಡೆ ಇರುವಂತೆ ನಿಲ್ಲಿಸಬೇಕು. ಗಾಜಿನ ನಡುವಿನ ಪ್ಲಾಸ್ಟಿಕ್ ಪದರ ಅಲ್ಟ್ರಾವಯೊಲೆಟ್ ಬೆಳಕನ್ನು ತಡೆಯುತ್ತದೆ, ಹಾಗಾಗಿ ಬೆಳಕು ಹೊರಗಿನಿಂದಲೇ ಬೀಳಬೇಕು. ಇಪ್ಪತ್ತು ನಿಮಿಷದ ಮೇಲೆ ಪ್ಲಾಸ್ಟಿಕ್ ಕಿತ್ತು, ಬ್ಲೇಡನ್ನು ಗಾಜಿಗೆ ನೆಟ್ಟಗೆ ಹಿಡಿದು ಉಬ್ಬಿದ್ದ ರೆಸಿನ್ ಹೆರೆದೆ. ಓರೆಯಾಗಿ ಹಿಡಿದರೆ ಗುಳಿಯೊಳಗಿನ ತುಂಬುವಿಕೆಯೂ ಎದ್ದು ಬರುತ್ತದೆ.

ಗುಳಿ ಇದ್ದ ಜಾಗದಲ್ಲಿ ಈಗಲೂ ಒಂದು ಮಸುಕು ಚುಕ್ಕೆ ಇದೆ. ಇರುತ್ತದೆ, ಪೂರ್ತಿ ಹೋಗುವುದಿಲ್ಲ. ಈ ರಿಪೇರಿ ಅಂದಕ್ಕಲ್ಲ, ಬಿರುಕು ಮುಂದೆ ಹೋಗದೆ ನಿಲ್ಲಲಿ ಅಂತ. ಆಮೇಲೆ ಎರಡು ಬೇಸಿಗೆ, ಎರಡು ಮಳೆಗಾಲ ಕಳೆದವು. ಗೆರೆ ಒಂದಿಷ್ಟೂ ಬೆಳೆದಿಲ್ಲ.

ಇದೇ ಕಾರಣಕ್ಕೆ ಡ್ರೈವರ್ ಕಣ್ಣಿನ ನೇರಕ್ಕೆ ಇರುವ ಗುಳಿಗೆ ನಾನು ಕೈ ಹಾಕುವುದಿಲ್ಲ. ಉಳಿಯುವ ಆ ಚುಕ್ಕೆ ರಾತ್ರಿ ಎದುರು ಗಾಡಿಯ ಲೈಟಿಗೆ ಕಣ್ಣು ಕುಕ್ಕುತ್ತದೆ. ಅಂಚಿನ ಹತ್ತಿರದ ಬಿರುಕು, ಬೆರಳಿಗಿಂತ ಉದ್ದ ಹೋದ ಬಿರುಕು ಕೂಡ ಬೇಡ. ಹೊಸ ಕಾರುಗಳಲ್ಲಿ ಕನ್ನಡಿಯ ಹಿಂದೆ ಕ್ಯಾಮೆರಾ ಇರುತ್ತದಲ್ವಾ, ಅದರ ಮುಂದಿನ ಜಾಗವನ್ನಂತೂ ಮುಟ್ಟಲೇಬೇಡಿ. ಹೋದ ತಿಂಗಳು ಆಫೀಸಿನ ಗೆಳೆಯರೊಬ್ಬರು ಅಂಚಿನವರೆಗೆ ಸೀಳಿದ ಗಾಜು ತೋರಿಸಿ, "ನೀವೇ ಮಾಡಿಕೊಡಿ" ಅಂದರು. ಒಲ್ಲೆ ಅಂದೆ, ಗ್ಲಾಸ್ ಅಂಗಡಿಗೆ ನಾನೇ ಜೊತೆಗೆ ಹೋಗಿ ಬಂದೆ. ಮುಂದಿನ ಗಾಜು ಅಪಘಾತದಲ್ಲಿ ಒಳಗಿದ್ದವರನ್ನು ಹೊರಗೆ ಹಾರದ ಹಾಗೆ ತಡೆಯುವ ಗೋಡೆ. ಅದರ ವಿಷಯದಲ್ಲಿ ಮುಲಾಜು ಬೇಡ.

ಉಳಿದ ಅರ್ಧ ಬಾಟಲಿ ರೆಸಿನ್ ಕಪ್ಪು ಕಾಗದ ಸುತ್ತಿಕೊಂಡು ಬೀರುವಿನಲ್ಲಿದೆ, ಬೆಳಕು ತಾಗಬಾರದು ಅಂತ. ಮುಂದಿನ ಸಲ ಬಳಸುವ ಮೊದಲು ಹಳೇ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಇನ್ನೂ ನೀರಿನ ಹಾಗೆ ಹರಿಯುತ್ತದಾ ಅಂತ ನೋಡುತ್ತೇನೆ. ಮಂದವಾಗಿದ್ದರೆ ಹೊಸದು ತರುತ್ತೇನೆ.