ಕಾಸರಗೋಡಿನ ಕಡಲಬಂಡೆಗಳ ಕೆಂಪು ಪಾಚಿ: ಪರಿಸರದ ಪರಿಣಾಮವನ್ನು ಗಮನಿಸಿ ದಾಖಲಿಸುವ ವಿಧಾನ

ಮಂಜೇಶ್ವರದಿಂದ ಬೇಕಲದವರೆಗಿನ ಕಡಲತೀರದ ಹೆಚ್ಚಿನ ಭಾಗ ಹೊಯಿಗೆಯದ್ದು. ಹೊರಳಾಡುವ ಹೊಯಿಗೆಯ ಮೇಲೆ ಪಾಚಿಯ ಬೀಜಕಗಳಿಗೆ ಕಚ್ಚಿ ನಿಲ್ಲಲು ಆಸರೆ ಸಿಗುವುದಿಲ್ಲ. ಹಾಗಾಗಿ ಅಲ್ಲಲ್ಲಿ ತಲೆಯೆತ್ತಿದ ಬಂಡೆಗಳು, ಕಡಲಕೊರೆತ ತಡೆಯಲೆಂದು ಪೇರಿಸಿದ ಕಲ್ಲುಗಳು ಮತ್ತು ಅಳಿವೆಯ ಒಳಭಾಗದ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳು ಕೆಂಪು ಪಾಚಿಯ ಮುಖ್ಯ ನೆಲೆಗಳಾಗಿವೆ. ಬೆಳಕು, ಉಪ್ಪಿನಂಶ, ಬಿಸಿ, ಒಣಗುವಿಕೆ, ಪೋಷಕಾಂಶ ಇವು ಈ ಪಾಚಿಯ ಮೇಲೆ ಹೇಗೆ ಪರಿಣಾಮ ಬೀರುತ್ತವೆ ಎಂಬುದನ್ನು ಕಡಿಮೆ ಖರ್ಚಿನ ಸಾಧನಗಳಿಂದ ವರ್ಷವಿಡೀ ಗಮನಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ. ಶಾಲೆ ಕಾಲೇಜುಗಳ ಅಧ್ಯಾಪಕರನ್ನೂ ಕಡಲ ಬದಿಯ ಆಸಕ್ತರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಎಲ್ಲಕ್ಕಿಂತ ಮೊದಲು ಗಮನದಲ್ಲಿರಬೇಕಾದ ವಿಷಯ ಒಂದೇ: ಪಾಚಿಯ ಬಣ್ಣವನ್ನೋ ಹರಹನ್ನೋ ಮಾತ್ರ ಬರೆದಿಟ್ಟರೆ ಅದರಿಂದ ಏನೂ ತಿಳಿಯದು; ಅದೇ ಜಾಗದ, ಅದೇ ಹೊತ್ತಿನ ನೀರಿನ ಸ್ಥಿತಿಯನ್ನೂ ಅದರ ಪಕ್ಕದಲ್ಲೇ ಬರೆಯಬೇಕು.

ಕೆಂಪು ಪಾಚಿಗಳಲ್ಲಿ ಸುಮಾರು 7,000 ಪ್ರಭೇದಗಳಿವೆ. ಅವುಗಳಲ್ಲಿ ಗ್ರಾಸಿಲೇರಿಯಾ, ಹಿಪ್ನಿಯಾ, ಗ್ರಾಟಿಲೂಪಿಯಾ, ಸೆಂಟ್ರೋಸಿರಾಸ್, ಪಾರ್ಫೈರಾ ಮುಂತಾದ ಕುಲಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೆಳೆಯುತ್ತವೆ. ಆದರೆ ಹೆಸರು ನಂಬಿ ಕೆಂಪು ಬಣ್ಣವನ್ನೇ ಹುಡುಕುತ್ತಾ ಹೋದರೆ ಅರ್ಧದಷ್ಟು ಪಾಚಿ ಕಣ್ತಪ್ಪಿ ಹೋಗುತ್ತದೆ. ಈ ಪಾಚಿಗಳಲ್ಲಿ ಹಸಿರು ವರ್ಣಕದ ಜೊತೆಗೆ ಫೈಕೋಎರಿಥ್ರಿನ್ ಎಂಬ ಕೆಂಪು ವರ್ಣಕವಿದೆ. ನೀರಿನೊಳಗೆ ಕೆಂಪು ಬೆಳಕು ಕೆಲವೇ ಮೀಟರುಗಳಲ್ಲಿ ಇಂಗಿಹೋಗಿ ನೀಲಿ ಮತ್ತು ಹಸಿರು ಬೆಳಕು ಮಾತ್ರ ಆಳಕ್ಕೆ ಇಳಿಯುತ್ತದೆ. ಆ ಬೆಳಕನ್ನು ಹಿಡಿದು ಬಳಸಿಕೊಳ್ಳುವುದು ಈ ವರ್ಣಕದ ಕೆಲಸ. ಬಹಾಮಾಸ್ ದ್ವೀಪಗಳ ಬಳಿ 268 ಮೀಟರ್ ಆಳದಲ್ಲಿಯೂ ಬಂಡೆಗಂಟಿ ಬೆಳೆಯುವ ಕೆಂಪು ಪಾಚಿಯನ್ನು ವಿಜ್ಞಾನಿಗಳು ಕಂಡಿದ್ದಾರೆ. ಇದಕ್ಕೆ ವ್ಯತಿರಿಕ್ತವಾಗಿ, ಬಿಸಿಲು ನೇರವಾಗಿ ಬೀಳುವ ಬಂಡೆಯ ಮೇಲ್ಭಾಗದಲ್ಲಿ ಈ ವರ್ಣಕ ಕಡಿಮೆಯಾಗಿ, ಪಾಚಿ ಕಂದು, ಹಳದಿ ಮಿಶ್ರಿತ ಹಸಿರು ಅಥವಾ ಕಪ್ಪು ಛಾಯೆಗೆ ತಿರುಗುವುದುಂಟು. ಸಂಶಯ ಬಂದಾಗ ಚಿಟಿಕೆಯಷ್ಟು ಪಾಚಿಯನ್ನು ತಣ್ಣನೆಯ ಸಿಹಿನೀರಿನಲ್ಲಿ ಚೆನ್ನಾಗಿ ಅರೆದು, ತೆಳುಬಟ್ಟೆಯಲ್ಲಿ ಸೋಸಿ, ಬಿಳಿ ಕಾಗದದ ಎದುರು ಹಿಡಿದು ನೋಡಬೇಕು. ಫೈಕೋಎರಿಥ್ರಿನ್ ನೀರಿನಲ್ಲಿ ಕರಗುವುದರಿಂದ ಕೆಂಪು ಪಾಚಿಯಾಗಿದ್ದರೆ ನೀರು ನಸುಗೆಂಪಾಗುತ್ತದೆ. ವರ್ಣಕ ತೀರಾ ಕುಗ್ಗಿದ ಪಾಚಿಯಲ್ಲಿ ಈ ಬಣ್ಣ ಮಸುಕಾಗಿರಬಹುದು. ಆಗ ಅದೇ ಬಂಡೆಯ ನೆರಳಿನ ಬದಿಯಲ್ಲಿ ಬೆಳೆದ ಪಾಚಿಯನ್ನು ಪರೀಕ್ಷಿಸಿ.

ಜಾಗವನ್ನು ಆರಿಸುವಾಗ ಕನಿಷ್ಠ ಎರಡು ನೆಲೆಗಳಿರಲಿ: ಒಂದು ನದಿಯ ಅಳಿವೆಗೆ ಹತ್ತಿರದ್ದು, ಇನ್ನೊಂದು ಅದರಿಂದ ದೂರದ್ದು. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೀಗೆ ಸಾಲುಸಾಲಾಗಿ ನದಿಗಳು ಕಡಲು ಸೇರುವ ಈ ಜಿಲ್ಲೆಯಲ್ಲಿ ಅಂತಹ ಜೋಡಿ ಸಿಗುವುದು ಕಷ್ಟವಲ್ಲ. ಬೇಕಲ ಕೋಟೆಯ ಬುಡದ ಬಂಡೆಗಳನ್ನು ಆರಿಸಿಕೊಳ್ಳುವವರು ಅದು ಸಂರಕ್ಷಿತ ಸ್ಮಾರಕದ ಪರಿಸರ ಎಂಬುದನ್ನು ಮರೆಯಬಾರದು. ಅಲ್ಲಿ ಕಲ್ಲು ಕೆತ್ತುವುದಾಗಲಿ ಗುರುತಿಗೆ ಬಣ್ಣ ಬಳಿಯುವುದಾಗಲಿ ಕೂಡದು. ಕಲ್ಲಿನ ಜಾತಿಯನ್ನೂ ಬರೆದಿಡಿ. ತೂತುಗಳಿಂದ ಕೂಡಿದ ಮುರಕಲ್ಲು ಇಳಿತದ ಹೊತ್ತಿನಲ್ಲಿಯೂ ಒಳಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ತಡೆಗೋಡೆಯ ಕರಿಗಲ್ಲು ಬೇಗನೆ ಒಣಗಿ ಕಾಯುತ್ತದೆ. ಒಂದೇ ಎತ್ತರದಲ್ಲಿರುವ ಇವೆರಡು ಕಲ್ಲುಗಳ ಮೇಲಿನ ಪಾಚಿ ಬೇರೆ ಬೇರೆಯಾಗಿ ಕಾಣಲು ಇಷ್ಟೇ ಸಾಕು.

ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ ಬರುತ್ತವೆ. ಎರಡು ಇಳಿತಗಳ ಮಟ್ಟ ಒಂದೇ ಆಗಿರುವುದಿಲ್ಲ, ಸಮಯವೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಕೆಳಗಿಳಿಯುವುದರಿಂದ ಆ ದಿನಗಳನ್ನೇ ಆರಿಸಿ, ಇಳಿತದ ಸಮಯಕ್ಕಿಂತ ಒಂದು ಗಂಟೆ ಮೊದಲು ತಲುಪಿ, ನೀರು ಏರತೊಡಗಿದ ಕೂಡಲೇ ಹೊರಡಬೇಕು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಗಳ ಮುನ್ಸೂಚನೆಯನ್ನು ಪ್ರಕಟಿಸುತ್ತದೆ, ಹೊರಡುವ ಮುನ್ನ ಅದನ್ನು ನೋಡಿಕೊಳ್ಳಿ. ವಿಶೇಷವಾಗಿ ಕಳ್ಳಕಡಲಿನ ಎಚ್ಚರಿಕೆ ಇರುವ ದಿನ ಬಂಡೆಯ ಹತ್ತಿರವೂ ಸುಳಿಯಬಾರದು: ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆಗಳು ಇಲ್ಲಿ ಗಾಳಿಯ ಸುಳಿವೇ ಇಲ್ಲದಿರುವಾಗಲೂ ದಡಕ್ಕೆ ನುಗ್ಗುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ತೆರೆದ ಕಡಲಿನ ಬಂಡೆಗೆ ಇಳಿಯುವುದೇ ಬೇಡ. ಆ ತಿಂಗಳುಗಳ ದಾಖಲೆ ಅಳಿವೆಯ ಒಳಗಿನ ಸುರಕ್ಷಿತ ಕಟ್ಟೆಗಳಿಂದ ಮತ್ತು ಮೀನುಗಾರರ ಸಲಹೆ ಪಡೆದು ದಡದಿಂದಲೇ ತೆಗೆದ ಛಾಯಾಚಿತ್ರಗಳಿಂದ ಬರಲಿ. ದಾಖಲೆಯ ಸಾಲೊಂದು ಖಾಲಿ ಉಳಿದರೂ ಚಿಂತೆಯಿಲ್ಲ, ವಿದ್ಯಾರ್ಥಿಗಳನ್ನು ಆ ಕಡಲಿಗೆ ಒಡ್ಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹರಹನ್ನು ಅಳೆಯಲು ಪಿವಿಸಿ ಪೈಪಿನಿಂದ 50 ಸೆಂಟಿಮೀಟರ್ ಉದ್ದಗಲದ ಚೌಕಟ್ಟು ಮಾಡಿ, ಹತ್ತು ಸೆಂಟಿಮೀಟರಿಗೊಂದರಂತೆ ಮೀನಿನ ಗಾಳದ ದಾರ ಬಿಗಿದರೆ 25 ಮನೆಗಳಾಗುತ್ತವೆ. ಬಂಡೆಯ ಮೇಲಿನಿಂದ ನೀರಿನ ಅಂಚಿನವರೆಗೆ ಹಗ್ಗ ಹಾಸಿ, ಅದರುದ್ದಕ್ಕೂ ಮೀಟರಿಗೊಮ್ಮೆ ಚೌಕಟ್ಟನ್ನಿಟ್ಟು, ಎಷ್ಟು ಮನೆಗಳಲ್ಲಿ ಪಾಚಿ ಇದೆ ಎಂದು ಎಣಿಸಬೇಕು. ಪ್ರತಿ ಚೌಕಟ್ಟಿನ ಛಾಯಾಚಿತ್ರವನ್ನು ನೇರವಾಗಿ ಮೇಲಿನಿಂದ ತೆಗೆಯಿರಿ. ಚೌಕಟ್ಟಿನ ಮೂಲೆಯಲ್ಲಿ ಬಿಳಿ ಮತ್ತು ಬೂದು ಬಣ್ಣದ ರಟ್ಟಿನ ತುಂಡೊಂದು ಇರಲಿ. ಮೊಬೈಲ್ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ಬದಲಿಸುವುದರಿಂದ, ಆ ರಟ್ಟು ಇಲ್ಲದ ಚಿತ್ರಗಳಲ್ಲಿ ಡಿಸೆಂಬರಿನ ಕೆಂಪನ್ನೂ ಏಪ್ರಿಲಿನ ಕೆಂಪನ್ನೂ ಹೋಲಿಸುವಂತಿಲ್ಲ.

ಈ ಕರಾವಳಿಯ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಉಪ್ಪಿನಂಶಕ್ಕೆ. ತೆರೆದ ಕಡಲಿನ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮುಂಗಾರು ಹಿಡಿದು ನದಿಗಳು ತುಂಬಿ ಹರಿಯತೊಡಗಿದಾಗ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ, ಅದರ ಪ್ರಭಾವ ಪಕ್ಕದ ಬಂಡೆಗಳವರೆಗೂ ಹರಡುತ್ತದೆ. ಉಪ್ಪು ಕಡಿಮೆಯಾದ ನೀರಿನಲ್ಲಿ ಪಾಚಿಯ ಕೋಶಗಳು ನೀರು ಹೀರಿ ಉಬ್ಬುತ್ತವೆ. ಸಹಿಸಬಲ್ಲ ಪ್ರಭೇದಗಳು ತಮ್ಮೊಳಗಿನ ಲವಣ ಮತ್ತು ಸಕ್ಕರೆಯಂತಹ ಪದಾರ್ಥಗಳ ಪ್ರಮಾಣವನ್ನು ಬದಲಿಸಿ ಹೊಂದಿಕೊಳ್ಳುತ್ತವೆ, ಉಳಿದವು ಒಡೆದು ಸಾಯುತ್ತವೆ. ಕಾಂಡ್ಲಾ ಬೇರುಗಳನ್ನು ಸುತ್ತಿಕೊಂಡಿರುವ ಬಾಸ್ಟ್ರಿಕಿಯಾ, ಕೆಲೋಗ್ಲಾಸಾ ಮುಂತಾದ ಪುಟ್ಟ ಕೆಂಪು ಪಾಚಿಗಳು ಈ ಏರುಪೇರನ್ನು ಸಹಿಸಿಕೊಳ್ಳುವುದಕ್ಕೆ ಹೆಸರಾದವು. ಉಪ್ಪಿನಂಶ ಅಳೆಯಲು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಸಾಕು. ಪ್ರತಿ ಸಲವೂ ಬಟ್ಟಿ ಇಳಿಸಿದ ನೀರಿನಿಂದ ಅದರ ಸೊನ್ನೆಯನ್ನು ಸರಿಪಡಿಸಿಕೊಂಡು, ನೀರಿನ ಮೇಲ್ಪದರದಿಂದಲೂ ಪಾಚಿ ಇರುವ ಮಟ್ಟದಿಂದಲೂ ಬೇರೆ ಬೇರೆಯಾಗಿ ಮಾದರಿ ತೆಗೆಯಬೇಕು. ಸಿಹಿನೀರು ಹಗುರವಾಗಿ ಮೇಲೆ ತೇಲುವುದರಿಂದ ಇವೆರಡರ ಅಂಕಿಗಳು ಒಂದೇ ಆಗಿರಬೇಕೆಂದಿಲ್ಲ.

ಈ ಪರಿಣಾಮವನ್ನು ಕಣ್ಣಾರೆ ಕಾಣಲು ತರಗತಿಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ನಾಲ್ಕು ಗಾಜಿನ ಭರಣಿಗಳನ್ನು ತೆಗೆದುಕೊಳ್ಳಿ. ಮೊದಲನೆಯದರಲ್ಲಿ 35ರ ಮಟ್ಟದ ಶುದ್ಧ ಕಡಲನೀರು ಇರಲಿ. ಎರಡನೆಯದರಲ್ಲಿ ಐದು ಪಾಲು ಕಡಲನೀರಿಗೆ ಎರಡು ಪಾಲು ಸಿಹಿನೀರು ಬೆರೆಸಿದರೆ 25, ಮೂರನೆಯದರಲ್ಲಿ ಮೂರು ಪಾಲಿಗೆ ನಾಲ್ಕು ಪಾಲು ಬೆರೆಸಿದರೆ 15, ನಾಲ್ಕನೆಯದರಲ್ಲಿ ಒಂದು ಪಾಲಿಗೆ ಆರು ಪಾಲು ಬೆರೆಸಿದರೆ 5 ಬರುತ್ತದೆ. ಕ್ಲೋರಿನ್ ಹಾಕಿದ ನಳ್ಳಿನೀರು ಬೇಡ. ಬಾವಿ ನೀರನ್ನು ಕುದಿಸಿ, ಆರಿಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನಾಲ್ಕಾರು ಸಲ ಸುರಿದು ಬಳಸಿ. ಒಂದೇ ಗೊಂಚಲಿನಿಂದ ಕತ್ತರಿಸಿದ ಸಮಾನ ಗಾತ್ರದ ತುಂಡುಗಳನ್ನು ಪ್ರತಿ ಭರಣಿಗೂ ಹಾಕಿ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಟ್ಟು, ಮರುದಿನ ಭರಣಿಯ ಹಿಂದೆ ಬಿಳಿ ಕಾಗದ ಹಿಡಿದು ನೋಡಿ. ಕೋಶಗಳು ಒಡೆದ ಭರಣಿಯಲ್ಲಿ ವರ್ಣಕ ಸೋರಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಪಾಚಿಯ ತುಂಡು ಮೆತ್ತಗಾಗಿ ಹಸಿರು ಅಥವಾ ಬಿಳಿಚು ಬಣ್ಣ ತಾಳಿರುತ್ತದೆ. ತೆರೆದ ಕಡಲಿನ ಬಂಡೆಯಿಂದ ತಂದ ಪಾಚಿಯನ್ನೂ ಅಳಿವೆಯಿಂದ ತಂದದ್ದನ್ನೂ ಅಕ್ಕಪಕ್ಕದಲ್ಲಿಟ್ಟು ಇದನ್ನು ಮಾಡಿದರೆ, ಯಾವುದು ಯಾವ ಮಟ್ಟದವರೆಗೆ ತಾಳಿಕೊಳ್ಳುತ್ತದೆ ಎಂಬುದು ಯಾರ ವಿವರಣೆಯೂ ಇಲ್ಲದೆ ಮಕ್ಕಳಿಗೆ ಅರ್ಥವಾಗುತ್ತದೆ.

ಒಣಗುವಿಕೆಯನ್ನು ತೂಕದಿಂದ ತಿಳಿಯಬಹುದು. ಪಾಚಿಯ ಮೇಲಿನ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಗ್ರಾಮಿನ ಹತ್ತನೆಯ ಒಂದಂಶವನ್ನೂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ತೂಗಿ, ಬಂಡೆಯ ಮೇಲೆ ಹರಡಿ, ಕಾಲು ಗಂಟೆಗೊಮ್ಮೆ ಮತ್ತೆ ತೂಗುತ್ತಾ ಹೋಗಿ. ಕೊನೆಗೆ ಕಡಲನೀರಿಗೆ ಮರಳಿಸಿ, ಅದು ಮೊದಲಿನ ತೂಕಕ್ಕೂ ಬಣ್ಣಕ್ಕೂ ಬರುತ್ತದೆಯೇ ಎಂದು ನೋಡಬೇಕು. ಬಂಡೆಯ ಎತ್ತರದ ಭಾಗದಲ್ಲಿ ಬೆಳೆಯುವ ಪಾರ್ಫೈರಾ ತನ್ನ ನೀರಿನ ಬಹುಪಾಲನ್ನು ಕಳೆದುಕೊಂಡು ಹಪ್ಪಳದಂತೆ ಗರಿಗರಿಯಾದರೂ ಮುಂದಿನ ಭರತಕ್ಕೆ ಚೇತರಿಸಿಕೊಳ್ಳುತ್ತದೆ; ಕೆಳಮಟ್ಟದಲ್ಲಿ ಬೆಳೆಯುವ ಹೆಚ್ಚಿನ ಪಾಚಿಗಳಿಗೆ ಆ ಶಕ್ತಿಯಿಲ್ಲ.

ಪಾರ್ಫೈರಾದ ವಿಚಾರ ಬಂದಾಗ ಇನ್ನೊಂದು ವಿಷಯವನ್ನೂ ಹೇಳಬೇಕು. ಪಶ್ಚಿಮ ಕರಾವಳಿಯಲ್ಲಿ ಇದು ಮುಖ್ಯವಾಗಿ ಮಳೆಗಾಲದ ಪಾಚಿ, ಬೇಸಗೆಯಲ್ಲಿ ಬಂಡೆಯ ಮೇಲೆ ಕಾಣಸಿಗದು. ಹಾಗೆಂದು ಅದು ಅಳಿದುಹೋಯಿತೆಂದು ಬರೆಯಬೇಡಿ. ಕಪ್ಪೆಚಿಪ್ಪಿನೊಳಗೆ ಕೊರೆದುಕೊಂಡು ಬದುಕುವ ಸೂಕ್ಷ್ಮ ಎಳೆಗಳ ರೂಪವೊಂದು ಅದಕ್ಕಿದೆ. ಆ ಎಳೆಗಳನ್ನು ಬೇರೆಯೇ ಪಾಚಿಯೆಂದು ತಿಳಿದು ಕಾಂಕೋಸೆಲಿಸ್ ಎಂದು ಕರೆಯಲಾಗಿತ್ತು; ಎರಡೂ ಒಂದೇ ಜೀವಿಯ ಎರಡು ಹಂತಗಳೆಂದು 1949ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಕ್ಯಾತ್ಲೀನ್ ಡ್ರೂ ಬೇಕರ್. ಒಂದು ಹಂತದಿಂದ ಇನ್ನೊಂದಕ್ಕೆ ಸಾಗುವುದನ್ನು ನೀರಿನ ಬಿಸಿ ಮತ್ತು ಹಗಲಿನ ಅವಧಿ ನಿಯಂತ್ರಿಸುತ್ತವೆ. ನೋರಿ ಎಂಬ ಹೆಸರಿನಲ್ಲಿ ತಿನ್ನಲು ಈ ಪಾಚಿಯನ್ನು ಬೆಳೆಸುವ ಜಪಾನಿನ ಬೆಳೆಗಾರರಿಗೆ ಈ ತಿಳಿವಳಿಕೆಯಿಂದ ಆದ ಉಪಕಾರ ಎಷ್ಟು ದೊಡ್ಡದೆಂದರೆ ಅವರು ಆಕೆಯ ನೆನಪಿಗೆ ಸ್ಮಾರಕವನ್ನೇ ಕಟ್ಟಿದ್ದಾರೆ.

ಬಿಸಿಯನ್ನು ಅಳೆಯುವಾಗ ಕಡಲನೀರು, ಬಂಡೆಯ ಕುಳಿಯಲ್ಲಿ ನಿಂತ ನೀರು, ಪಾಚಿಯ ಗೊಂಚಲಿನ ಒಳಭಾಗ, ಈ ಮೂರನ್ನೂ ಥರ್ಮಾಮೀಟರಿಗೆ ನೆರಳು ಹಿಡಿದು ಅಳೆಯಿರಿ. ಏಪ್ರಿಲ್ ಮಧ್ಯಾಹ್ನದ ಇಳಿತದಲ್ಲಿ ಕುಳಿಯ ನೀರು ಕಡಲಿಗಿಂತ ಬಹಳ ಬಿಸಿಯಾಗುವುದಲ್ಲದೆ, ಆವಿಯಾಗುವುದರಿಂದ ಹೆಚ್ಚು ಉಪ್ಪೂ ಆಗುತ್ತದೆ. ಮಳೆಗಾಲದಲ್ಲಿ ಅದೇ ಕುಳಿ ಒಂದು ಜಡಿಮಳೆಗೆ ಸಿಹಿಯಾಗುತ್ತದೆ. ಹಾಗಾಗಿ ಕುಳಿಯ ಅಂಕಿಯನ್ನು ಕಡಲಿನ ಅಂಕಿಯ ಜೊತೆ ಎಂದಿಗೂ ಬೆರೆಸಬಾರದು.

ಪೋಷಕಾಂಶದ ವಿಷಯದಲ್ಲಿ ಬಣ್ಣವೇ ಒಳ್ಳೆಯ ಸುಳಿವು. ಫೈಕೋಎರಿಥ್ರಿನ್ ಒಂದು ಪ್ರೋಟೀನು. ಸಾರಜನಕ ಧಾರಾಳವಾಗಿದ್ದಾಗ ಗ್ರಾಸಿಲೇರಿಯಾದಂತಹ ಪಾಚಿ ಅದನ್ನು ಈ ವರ್ಣಕದ ರೂಪದಲ್ಲಿಯೂ ಕೂಡಿಟ್ಟು ಗಾಢ ಕೆಂಪಾಗುತ್ತದೆ, ಕೊರತೆ ಬಂದಾಗ ಆ ಸಂಗ್ರಹವನ್ನು ಕರಗಿಸಿ ಬಳಸಿಕೊಂಡು ಹಳದಿಯಾಗುತ್ತದೆ. ಮುಂಗಾರಿನಲ್ಲಿ ಕೇರಳದ ಕರಾವಳಿಯುದ್ದಕ್ಕೂ ಆಳದ ತಂಪು ನೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುತ್ತದೆ, ನದಿಗಳೂ ತಮ್ಮ ಪಾಲನ್ನು ತರುತ್ತವೆ. ಆದುದರಿಂದ ಬೇಸಗೆಯಲ್ಲಿ ಮಾಸಿದ ಬಣ್ಣ ಕಂಡ ಮಾತ್ರಕ್ಕೆ ಪಾಚಿಗೆ ರೋಗ ಬಂತೆಂದು ತೀರ್ಮಾನಿಸಬಾರದು. ತೀವ್ರ ಬಿಸಿಲಿನಿಂದಲೂ ಹಾಗಾಗುವುದರಿಂದ ನೆರಳಿನ ಬದಿಯ ಪಾಚಿಯನ್ನು ನೋಡಿ. ಅದೂ ಮಾಸಿದ್ದರೆ ಪೋಷಕಾಂಶದ ಕೊರತೆಯನ್ನು ಶಂಕಿಸಬಹುದು, ಅದು ಕೆಂಪಾಗಿಯೇ ಇದ್ದರೆ ಬಿಸಿಲೇ ಕಾರಣವಿರಬೇಕು. ಪೋಷಕಾಂಶ ಮಿತಿಮೀರಿದರೂ ಕೆಂಪು ಪಾಚಿಗೆ ಒಳಿತಿಲ್ಲ. ಚರಂಡಿ ನೀರು ಸೇರುವಲ್ಲಿ ಉಲ್ವಾದಂತಹ ಹಸಿರು ಪಾಚಿ ವೇಗವಾಗಿ ಬೆಳೆದು ಬಂಡೆಯನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಚೌಕಟ್ಟಿನಲ್ಲಿ ಹಸಿರು ಪಾಚಿಯ ಮನೆಗಳನ್ನೂ ಎಣಿಸಿ.

ನೀರಿನ ಚಲನೆಯನ್ನು ಅಳೆಯುವುದು ಸುಲಭವಲ್ಲ, ಬಂಡೆಯ ಯಾವ ಮುಖ ತೆರೆಗೆ ಒಡ್ಡಿಕೊಂಡಿದೆ ಎಂದು ಬರೆದರೆ ಸಾಕು. ಕೆಂಪು ಪಾಚಿಯ ಗಂಡುಕೋಶಗಳಿಗೆ ಈಜುವ ಬಾಲವಿಲ್ಲ, ಅವು ಹೆಣ್ಣು ಪಾಚಿಯನ್ನು ತಲುಪಲು ನೀರು ಹರಿಯಬೇಕು. ಐಡೋಟಿಯಾ ಎಂಬ ಚಿಕ್ಕ ಕಠಿಣಚರ್ಮಿ ಪ್ರಾಣಿಯೂ ಇವನ್ನು ಮೈಗಂಟಿಸಿಕೊಂಡು ಸಾಗಿಸುತ್ತದೆ ಎಂದು ಯುರೋಪಿನ ಗ್ರಾಸಿಲೇರಿಯಾದ ಮೇಲಿನ ಅಧ್ಯಯನವೊಂದು 2022ರಲ್ಲಿ ತೋರಿಸಿತು. ಗೊಂಚಲಿನೊಳಗೆ ಓಡಾಡುವ ಪುಟ್ಟ ಜೀವಿಗಳನ್ನು ಕೊಡವಿ ಎಸೆಯದೆ ಗಮನಿಸಲು ಇದೊಂದು ಕಾರಣ.

ಬಂಡೆಗೆ ಗುಲಾಬಿ ಬಣ್ಣದ ಗಾರೆ ಬಳಿದಂತೆ ಕಾಣುವ ಸುಣ್ಣದ ಪಾಚಿಗಳೂ ಕೆಂಪು ಪಾಚಿಗಳೇ. ಗಾಳಿಯ ಇಂಗಾಲದ ಡೈಆಕ್ಸೈಡ್ ಕಡಲಿಗೆ ಸೇರಿ, ಮೇಲ್ನೀರಿನ ಸರಾಸರಿ ಪಿಎಚ್ (ಇದು ಇಳಿದಷ್ಟೂ ನೀರು ಆಮ್ಲದ ಕಡೆಗೆ ಸರಿದಿದೆ ಎಂದರ್ಥ) ಕೈಗಾರಿಕಾ ಯುಗದ ಮೊದಲಿನ 8.2ರಿಂದ ಸುಮಾರು 8.1ಕ್ಕೆ ಇಳಿದಿದೆ. ಈ ಪಾಚಿಗಳ ಸುಣ್ಣದಲ್ಲಿ ಮೆಗ್ನೀಸಿಯಂ ಹೆಚ್ಚಿದ್ದು ಬೇಗ ಕರಗುವ ಗುಣವಿರುವುದರಿಂದ ಅವುಗಳಿಗೆ ಅಪಾಯ ಹೆಚ್ಚು. ಆದರೆ ಪಿಎಚ್ ಕಾಗದದಿಂದ ಇಷ್ಟು ಸಣ್ಣ ಬದಲಾವಣೆ ತಿಳಿಯದು. ಹಗಲಿನಲ್ಲಿ ಪಾಚಿಗಳು ಆಹಾರ ತಯಾರಿಸುವಾಗ ಕುಳಿಯ ಪಿಎಚ್ ಏರಿ ರಾತ್ರಿ ಇಳಿಯುವುದರಿಂದ ಒಂದು ಸಲದ ಅಳತೆಗೆ ಅರ್ಥವೂ ಇಲ್ಲ. ಶಾಲೆಯ ಮಟ್ಟದಲ್ಲಿ ಈ ಪಾಚಿಯ ಹರಹನ್ನೂ ಬಿಳಿಚಿಕೊಂಡ ಭಾಗವನ್ನೂ ದಾಖಲಿಸುವುದೇ ಸರಿಯಾದ ಕೆಲಸ.

ಮಾದರಿ ಬೇಕಾದಾಗ ಬುಡ ಕೀಳದೆ, ಬೆರಳಷ್ಟು ಉದ್ದವನ್ನು ಬಂಡೆಯಲ್ಲೇ ಉಳಿಸಿ ಕತ್ತರಿಯಿಂದ ಕತ್ತರಿಸಿ; ಬುಡ ಉಳಿದರೆ ಪಾಚಿ ಮತ್ತೆ ಚಿಗುರುತ್ತದೆ. ಪ್ರಭೇದ ಗುರುತಿಸಲು ಆಗದಿದ್ದರೆ ಊಹಿಸಿ ಹೆಸರು ಬರೆಯಬೇಡಿ. ಒತ್ತಿ ಒಣಗಿಸಿದ ಮಾದರಿಗೆ ದಿನಾಂಕ ಮತ್ತು ಜಾಗದ ಚೀಟಿ ಅಂಟಿಸಿ, ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳನ್ನೋ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರನ್ನೋ ಕೇಳಬಹುದು. ದಾಖಲೆ ಪುಸ್ತಕದ ಪ್ರತಿ ಸಾಲಿನಲ್ಲಿ ದಿನಾಂಕ, ಇಳಿತದ ಸಮಯ, ಹಿಂದಿನ ಮೂರು ದಿನಗಳ ಮಳೆ, ಮೇಲ್ಪದರದ ಮತ್ತು ಪಾಚಿಯ ಮಟ್ಟದ ಉಪ್ಪಿನಂಶ, ನೀರಿನ ಬಿಸಿ, ಕೆಂಪು ಮತ್ತು ಹಸಿರು ಪಾಚಿಯ ಮನೆಗಳ ಸಂಖ್ಯೆ, ಬಣ್ಣ, ಛಾಯಾಚಿತ್ರದ ಸಂಖ್ಯೆ ಇಷ್ಟೂ ಇರಲಿ. ಎರಡನೆಯ ವರ್ಷಕ್ಕೆ ಕಾಲಿಟ್ಟಾಗ ಜನವರಿಯನ್ನು ಜನವರಿಯ ಜೊತೆಗೆ, ಮೇ ತಿಂಗಳನ್ನು ಮೇ ತಿಂಗಳ ಜೊತೆಗೆ ಮಾತ್ರ ಹೋಲಿಸಿ, ವ್ಯತ್ಯಾಸ ಕಂಡ ಸಾಲುಗಳಲ್ಲಿ ಮೊದಲು ಮಳೆಯ ಮತ್ತು ಉಪ್ಪಿನಂಶದ ಅಂಕಣಗಳನ್ನು ನೋಡಿ.