ಸಂಕಿರಣದ ಪರದೆ ಮೇಲೆ ಕನ್ನಡ ಕೆಟ್ಟಾಗ: ನನ್ನ ಅನುಭವ

ಕನ್ನಡದಲ್ಲಿ ಪ್ರಬಂಧ ಮಂಡಿಸುವವರಿಗೆ ಈ ಕಾಟ ಗೊತ್ತಿರುತ್ತದೆ. ಮನೆಯಲ್ಲಿ ಚೆನ್ನಾಗಿದ್ದ ಸ್ಲೈಡ್, ಸಂಕಿರಣದ ಪರದೆ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ನನ್ನ ಅರ್ಧ ಸಮಯ ಅದಕ್ಕೇ ಹೋಯಿತು. ಅಷ್ಟರಲ್ಲಿ ಅಧ್ಯಕ್ಷರಿಂದ ‘ಬೇಗ ಮುಗಿಸಿ’ ಚೀಟಿ. ಹಿಂದಿನವರು ಜಾಸ್ತಿ ಮಾತಾಡುವಾಗ ಈ ಚೀಟಿ ಎಲ್ಲಿತ್ತೋ!

ನನ್ನ ಪ್ರಬಂಧಕ್ಕೆ ಸಿಕ್ಕಿದ್ದ ಶಾಸನಗಳ ಪಠ್ಯಗಳೆಲ್ಲ ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದವು. ಅದು ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ವ್ಯವಸ್ಥೆ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರ್ ಪಾಪ ಏನು ಮಾಡೀತು?

ಪಠ್ಯವನ್ನೆಲ್ಲ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದೆ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಕಣ್ಣಿಟ್ಟು ನೋಡಬೇಕು, ತಪ್ಪು ನುಸುಳುವುದು ಅಲ್ಲೇ. ಫಾಂಟ್‌ಗೆ ನಿರ್ಮಲಾ ಯುಐ ಇಟ್ಟೆ. ವಿಂಡೋಸ್ 8ರಿಂದ ಈಚೆಗೆ ಅದು ವಿಂಡೋಸ್ ಜೊತೆಗೇ ಬರುತ್ತದೆ. ಪೆನ್‌ಡ್ರೈವ್‌ನಲ್ಲಿ ಒಂದು ಪಿಡಿಎಫ್ ಪ್ರತಿಯೂ ಇರಲಿ. ಅದರೊಳಗೇ ಫಾಂಟ್ ಸೇರಿಕೊಳ್ಳುವುದರಿಂದ ಅಕ್ಷರ ಒಡೆಯುವ ಭಯ ಕಡಿಮೆ. ಅನಿಮೇಷನ್ ಹೋಗುತ್ತದೆ, ಹೋಗಲಿ ಬಿಡಿ. ಶಾಸನದ ಸಾಲು ಸುಮ್ನೆ ಹಾರಿಕೊಂಡು ಬರಬೇಕಾಗಿಲ್ಲ ಅಲ್ವಾ?

ಮುಂದಿನ ಸಂಕಿರಣದಲ್ಲಿ ಸ್ಲೈಡ್ ಎಲ್ಲ ಸರಿಯಾಗಿ ಬಂದವು. ಮೈಕ್ ಕೈಕೊಟ್ಟಿತು.