ಇಮೇಜ್ ಬೂಟ್ ಆಯ್ತು, ವೈಫೈ ಎಲ್ಲಿ?

ಹತ್ತು ಹಳೇ ಲ್ಯಾಪ್‌ಟಾಪ್‌ಗಳಿಗೆ ಡೆಬಿಯನ್ 12 ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಬೇಕಿತ್ತು. ಕನ್ನಡ ಫಾಂಟು, ಕೀಬೋರ್ಡು ಎಲ್ಲ ಮೊದಲೇ ತುಂಬಿದ ನನ್ನದೇ ಇಮೇಜ್ (ಪೆನ್‌ಡ್ರೈವ್‌ಗೆ ಹಾಕಿ ಬೂಟ್ ಮಾಡುವ ಫೈಲ್) ಮಾಡೋಣ ಅಂದುಕೊಂಡೆ. ಡೆಬಿಯನ್ 11ಕ್ಕೆ ಬಳಸಿದ್ದ ಲೈವ್-ಬಿಲ್ಡ್ (ಇಮೇಜ್ ತಯಾರಿಸುವ ಟೂಲ್) ಫೋಲ್ಡರ್ ಇತ್ತು. ಅದರಲ್ಲಿ 11ರ ಹೆಸರು 'ಬುಲ್ಸ್‌ಐ' ಅಳಿಸಿ 12ರ ಹೆಸರು 'ಬುಕ್‌ವರ್ಮ್' ಅಂತ ಬರೆದು ಬಿಲ್ಡ್ ಶುರು ಮಾಡಿದೆ.

ಇಂಟೆಲ್ ವೈಫೈನ ಫರ್ಮ್‌ವೇರ್ (ಕಾರ್ಡ್ ಕೆಲಸ ಮಾಡಲು ಅದಕ್ಕೆ ತುಂಬಬೇಕಾದ ಸಾಫ್ಟ್‌ವೇರ್) ಪ್ಯಾಕೇಜ್ ಸಿಗುತ್ತಿಲ್ಲ ಅಂತ ಬಿಲ್ಡ್ ನಿಂತಿತು. ಆಗಲೇ ನಡುರಾತ್ರಿ. ಅಧಿಕೃತ ಇಮೇಜ್‌ನಲ್ಲೇ ಫರ್ಮ್‌ವೇರ್ ಕೊಡೋಣ ಎಂದು ಡೆಬಿಯನ್‌ನವರು 2022ರಲ್ಲಿ ಮತ ಹಾಕಿ ತೀರ್ಮಾನಿಸಿದ್ದು ನೆನಪಿತ್ತು. ಹಾಗಾದರೆ ತಾನಾಗೇ ಬರುತ್ತದಲ್ವಾ ಎಂದು ಪಟ್ಟಿಯಲ್ಲಿದ್ದ ಆ ಪ್ಯಾಕೇಜ್‌ನ ಸಾಲನ್ನೇ ಅಳಿಸಿದೆ. ಬಿಲ್ಡ್ ಸಲೀಸಾಗಿ ಮುಗಿಯಿತು.

ಬೆಳಿಗ್ಗೆ ಪೆನ್‌ಡ್ರೈವ್ ಚುಚ್ಚಿದರೆ ವೈಫೈ ಇಲ್ಲ. ಫರ್ಮ್‌ವೇರ್ ಇಳಿಸೋಣ ಅಂದರೆ ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಫರ್ಮ್‌ವೇರ್ ಬೇಕು. ಪೆಟ್ಟಿಗೆಯ ಕೀಲಿಕೈ ಪೆಟ್ಟಿಗೆಯೊಳಗೇ! ಸದ್ಯಕ್ಕೆ ಫೋನಿಗೆ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿದೆ. ಅದಕ್ಕೆ ಯಾವ ಫರ್ಮ್‌ವೇರೂ ಬೇಡ.

ಸಿಸ್ಟಮ್‌ನ ಸಂದೇಶಗಳನ್ನು ತೋರಿಸುವ ಡಿಮೆಸ್ಗ್ ನೋಡಿದಾಗ 'ಎರರ್ -2' ಅಂತಿತ್ತು. ಅಂದರೆ ಕಾರ್ಡ್ ಕೆಟ್ಟಿಲ್ಲ, ಕೇಳಿದ ಫೈಲ್ ಇಲ್ಲ ಅಷ್ಟೇ. ಮತ ಹಾಕಿದ್ದು ಅವರ ಇಮೇಜ್ ಬಗ್ಗೆ. ನನ್ನದು ನಾನು ಕೊಟ್ಟ ಸೆಟ್ಟಿಂಗ್ ಪ್ರಕಾರವೇ ತಯಾರಾಗುತ್ತದೆ. ಪ್ಯಾಕೇಜ್ ಕೂಡ ಮಾಯವಾಗಿರಲಿಲ್ಲ. 12ರಲ್ಲಿ ಅದು 'ನಾನ್-ಫ್ರೀ' (ಮುಕ್ತವಲ್ಲದ ಸಾಫ್ಟ್‌ವೇರ್ ಇಡುವ ವಿಭಾಗ) ಬಿಟ್ಟು 'ನಾನ್-ಫ್ರೀ-ಫರ್ಮ್‌ವೇರ್' ಅನ್ನೋ ಹೊಸ ವಿಭಾಗಕ್ಕೆ ಮನೆ ಬದಲಾಯಿಸಿತ್ತು. ನಾನು ಹಳೇ ವಿಳಾಸದಲ್ಲಿ ಹುಡುಕುತ್ತಿದ್ದೆ. ಬಿಲ್ಡ್ ಪ್ಯಾಕೇಜ್ ಹುಡುಕುವ ವಿಭಾಗಗಳ (ಆರ್ಕೈವ್ ಏರಿಯಾ) ಪಟ್ಟಿಗೆ ಆ ಹೆಸರು ಸೇರಿಸಿ, ಅಳಿಸಿದ್ದ ಸಾಲನ್ನು ವಾಪಸ್ ಹಾಕಿ ಮತ್ತೆ ಬಿಲ್ಡ್ ಮಾಡಿದೆ.

ವೈಫೈ ಬಂತು. ಆದರೆ ಡಿಮೆಸ್ಗ್‌ನಲ್ಲಿ ಇನ್ನೊಂದು -2! 'ಯೋಯೋ' ಅನ್ನೋ ಹೆಸರಿನ ಫೈಲ್ ಇಲ್ಲವಂತೆ. ಸುಮ್ನೆ ಒಂದು ಗಂಟೆ ಅದರ ಹಿಂದೆ ಬಿದ್ದೆ. ಅದು ಇಂಟೆಲ್‌ನವರ ಡೀಬಗ್ (ದೋಷ ಹುಡುಕುವ) ಕೆಲಸದ ಫೈಲ್, ನಮಗೆ ಬೇಕಾಗಿಯೇ ಇಲ್ಲ.

ಜಾಸ್ತಿ ಕಾಡಿದ್ದು ಹಳೇ ಬ್ರಾಡ್‌ಕಾಮ್ ಕಾರ್ಡಿನ ಒಂದು ಲ್ಯಾಪ್‌ಟಾಪ್. ಅದರ ಬಿ43 ಡ್ರೈವರ್‌ಗೆ ಬೇಕಾದ ಫರ್ಮ್‌ವೇರನ್ನು ಹಂಚಲು ಡೆಬಿಯನ್‌ಗೆ ಅನುಮತಿ ಇಲ್ಲ. ಹಾಗಾಗಿ ಆ ಪ್ಯಾಕೇಜ್‌ನಲ್ಲಿ ಫರ್ಮ್‌ವೇರ್ ಇರುವುದಿಲ್ಲ, ಇನ್‌ಸ್ಟಾಲ್ ಆಗುವಾಗ ನೆಟ್‌ನಿಂದ ತರುತ್ತದೆ. ಮತ್ತೆ ಅದೇ ಪೆಟ್ಟಿಗೆ, ಅದೇ ಕೀಲಿಕೈ. ಅದೊಂದನ್ನು ಇಮೇಜ್‌ಗೆ ಸೇರಿಸಲಿಲ್ಲ. ಫೋನಿನ ಕೇಬಲ್ ಹಾಕಿ ಕೈಯಾರೆ ಇನ್‌ಸ್ಟಾಲ್ ಮಾಡಿ ಕೊಟ್ಟೆ.